ಮತ್ತೆರಡು ಸುತ್ತು

ತೊಟ್ಟಿಲು ತಿರುಗಿಸುವವನಿಗೆ ಮೇಲೆ ಎಷ್ಟು ಕೊಡಬೇಕು ಎಂಬುದನ್ನು ನಮ್ಮ ಕಡೆ ಯಾರೂ ಬರೆದಿಟ್ಟಿಲ್ಲ. ಅಮೆರಿಕದವರು ಬರೆದಿಟ್ಟಿದ್ದಾರೆ. ಫ್ಲಾರಿಡಾದಲ್ಲಿರುವ ನನ್ನ ತಂಗಿಯ ಮಗ, ಅವ್ವನನ್ನು ಅಲ್ಲಿಯ ದೊಡ್ಡ ಪಾರ್ಕಿಗೆ ಕರೆದೊಯ್ಯುವ ಮುಂಚೆ, ಒಂದು ಪಟ್ಟಿಯನ್ನೇ ಒಪ್ಪಿಸಿದನಂತೆ. ಕೂತು ಉಣ್ಣುವ ಹೋಟೆಲಿನಲ್ಲಿ ಬಿಲ್ಲಿನ ಮೇಲೆ ಶೇ. 18ರಿಂದ 20. ಪೆಟ್ಟಿಗೆ ಎತ್ತಿಕೊಟ್ಟವನಿಗೆ ಪೆಟ್ಟಿಗೆಗಿಷ್ಟು. ಕೋಣೆ ಗುಡಿಸಿದವಳಿಗೆ ಹೊರಡುವಾಗ ದಿಂಬಿನ ಹತ್ತಿರ ಇಷ್ಟು. ಆದರೆ ಆಟದ ಯಂತ್ರ ನಡೆಸುವ ಹುಡುಗನಿಗೆ ಮಾತ್ರ ಕೊಡಕೂಡದು, ಕೊಟ್ಟರೂ ಅವನು ತಗೊಳ್ಳಕೂಡದು. ತಂಗಿ ಎಲ್ಲಾ ಕೇಳಿಕೊಂಡು, "ಅಂದ್ರ ಪಾರಗೋಳ್ನ ನಗಿಸಿದಂವಗ ಏನೂ ಇಲ್ಲ, ತಾಟ್ ತಂದಿಟ್ಟಂವಗ ಇಪ್ಪತ್ತ್ಯಾ?" ಅಂದಳಂತೆ. ನಾರಾಯಣಖೇಡದಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವಳ ಪ್ರಶ್ನೆ ಅದು. ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ.

ನಾವು ಜಾತ್ರೆಯ ಜನ. 1956ರ ನವೆಂಬರ್ 1ರವರೆಗೆ ನಮ್ಮ ಜಹೀರಾಬಾದ್, ತಂಗಿಯನ್ನು ಕೊಟ್ಟ ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯೊಳಗಿದ್ದವು. ಅವ್ವನ ತವರು ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಭಾಷೆ ನೋಡಿ ರಾಜ್ಯ ಹಂಚಿದಾಗ ಮೂರೂ ಆಂಧ್ರದ ಪಾಲಾದವು. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಒಂದು ಮಾತ್ರ ಮೈಸೂರಿಗೆ ಉಳಿಯಿತು. ಹೀಗೆ ಗೆರೆ ಎಳೆದ ಸುದ್ದಿ ತೊಟ್ಟಿಲಿನವರಿಗೆ ಇವತ್ತಿಗೂ ಮುಟ್ಟಿದಂತಿಲ್ಲ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆ, ಶಿವರಾತ್ರಿಗೆ ಝರಾಸಂಗಮ, ಹೋಳಿ ಆದ ಮೇಲೆ ಕಲಬುರಗಿಯ ಶರಣಬಸವೇಶ್ವರನ ತೇರು, ಬಿಸಿಲು ಏರಿದ ಮೇಲೆ ತಾಂಡೂರಿನ ಭದ್ರೇಶ್ವರ. ಲಾರಿಯಲ್ಲಿ ಕಬ್ಬಿಣ ಹೇರಿಕೊಂಡು ಬರುವವರಿಗೆ ದೇವರ ಪಂಚಾಂಗ ಒಂದಿದ್ದರೆ ಸಾಕು, ಜಿಲ್ಲೆಯ ನಕಾಶೆ ಯಾಕೆ?

ನನ್ನ ಸಣ್ಣಂದಿನ ತೊಟ್ಟಿಲು ಝರಾಸಂಗಮದ್ದು. ಎಲ್ಲೂ ಶಿವನಿಗೆ ಏರದ ಕೇದಿಗೆ ಹೂವು ಅಲ್ಲಿಯ ಕೇತಕಿ ಸಂಗಮೇಶ್ವರನಿಗೆ ಏರುತ್ತದೆ. ಗುಂಡದಲ್ಲಿ ಮಿಂದು, ದರ್ಶನ ಮುಗಿಸಿ, ಹೊರಗೆ ಬಂದರೆ ಧೂಳಿನಲ್ಲಿ ತೊಟ್ಟಿಲು. ಕಟ್ಟಿಗೆಯದು, ಮೋಟಾರಿಲ್ಲ. ಒಬ್ಬ ಕೆಳಗೆ ನಿಂತು ನೂಕುವನು. ಇನ್ನೊಬ್ಬ ಧೋತ್ರದ ಕಚ್ಚೆ ಬಿಗಿದು, ನಡುವಿನ ಅಚ್ಚಿನವರೆಗೆ ಹತ್ತಿ, ಮೇಲೇರಿದ ಅಡ್ಡಪಟ್ಟಿಗೆ ಎರಡೂ ಕೈಯಿಂದ ಜೋತುಬೀಳುವನು. ಅವನ ಮೈಭಾರಕ್ಕೆ ಚಕ್ರ ತಿರುಗಬೇಕು. ನೆಲ ಇನ್ನೊಂದು ಮೊಳ ಇದೆ ಅನ್ನುವಾಗ ಕೈಬಿಟ್ಟು ಜಿಗಿದು, ಧೂಳು ಕೊಡವಿಕೊಳ್ಳುವಷ್ಟೂ ಪುರುಸೊತ್ತಿಲ್ಲದೆ ಮತ್ತೆ ಹತ್ತುವನು. ಅಂಗೈಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿರುತ್ತಿದ್ದ, ಬಾಯಲ್ಲಿ ಎಂದೋ ಆರಿದ ಬೀಡಿ. ನಾವು ಮೇಲೆ ಕಿರುಚುತ್ತಿದ್ದುದು ಅಂಜಿಕೆಗೋ ಖುಷಿಗೋ, ಇಡೀ ಆಟ ನಡೆಯುತ್ತಿದ್ದುದು ಇಬ್ಬರು ಮನುಷ್ಯರ ರಟ್ಟೆಯ ಮೇಲೆ.

ಕೊಟ್ಟ ದುಡ್ಡಿನ ಸುತ್ತು ಮುಗಿದು ಚಕ್ರ ನಿಧಾನ ಆಗುವ ಹೊತ್ತಿಗೆ ನಮ್ಮಜ್ಜ, ಅಂದರೆ ಮುತ್ಯಾ, ಕೆಳಗಿನಿಂದ ಕೂಗುವರು: "ಏ ತಮ್ಮಾ, ಕೊಸರು ಹಾಕಪಾ!"

"ಹಾಕ್ತೀನ್ರೀ ಮುತ್ಯಾ, ಪಾರ ಅಂಜಿದ್ರ ನನಗ ಅನಬ್ಯಾಡ್ರಿ ಮತ್ತ!"

ಮತ್ತೆರಡು ಸುತ್ತು ಬಿಟ್ಟಿ. ಇಳಿದ ಮೇಲೆ ಮುತ್ಯಾ ಧೋತ್ರದ ಗಂಟು ಬಿಚ್ಚಿ, ಕೊಡುವುದರ ಮೇಲೆ ಒಂದು ನಾಣ್ಯ ಇಡುವರು. ಅವನು ಅದನ್ನು ಹಣೆಗೆ ಮುಟ್ಟಿಸಿಕೊಂಡು ಬನಿಯನ್ನಿನ ಜೇಬಿಗೆ ಹಾಕುವನು. ಯಾರು ಯಾರಿಗೆ ಮೊದಲು ಕೊಟ್ಟರು ಎಂದು ಕೇಳಿದರೆ, ಅವನೇ ಕೊಟ್ಟ. ಇದನ್ನು ಅಮೆರಿಕದ ಪಟ್ಟಿಯ ಯಾವ ಸಾಲಿಗೆ ಸೇರಿಸುವುದು?

ಜಹೀರಾಬಾದಿನ ಸಂತೆಯಲ್ಲಿ ಈಗಲೂ ಇದೇ ನಡೆ. ಜೋಳ ಅಳೆದವಳು ಕೊನೆಗೊಂದು ಹಿಡಿ ಮೇಲೆ ಸುರಿಯುತ್ತಾಳೆ, ಮೆಣಸಿನಕಾಯಿಯವನು ಕೇಳುವ ಮುಂಚೆಯೇ ಕರಿಬೇವಿನ ಎಸಳು ತುರುಕುತ್ತಾನೆ. ಕನ್ನಡದವರೂ ತೆಲುಗಿನವರೂ ಕೊಸರು ಎಂದೇ ಕೇಳಿ ಇಸಿದುಕೊಳ್ಳುತ್ತಾರೆ. ಬಕ್ಷೀಸು ಕೊಡುವವನು ತನಗೇ ಗೊತ್ತಿಲ್ಲದೆ ಒಂದು ಮೆಟ್ಟಿಲು ಮೇಲೆ ಹತ್ತಿ ನಿಂತಿರುತ್ತಾನೆ. ಕೊಸರಿಗೆ ಆ ಮೆಟ್ಟಿಲಿಲ್ಲ. ಸೊಪ್ಪು ಮಾರುವ ಮುದುಕಿ ಕಾರಿನಿಂದಿಳಿದ ಸಾಹುಕಾರನಿಗೆ ಹಾಕುವುದೂ ಕೊಸರೇ, ಅವನು ಕೈ ಒಡ್ಡಿ ಇಸಿದುಕೊಳ್ಳಲೇಬೇಕು.

ಮುತ್ಯಾ ಆ ಮೆಟ್ಟಿಲುಗಳನ್ನು ಚೆನ್ನಾಗಿ ಕಂಡವರು. ಅವರ ಹರೆಯ ಕಳೆದದ್ದು ನಿಜಾಮರ ರಾಜ್ಯದಲ್ಲಿ, ಚಾರ್‌ಮಿನಾರ್ ಅಚ್ಚೊತ್ತಿದ ಹಾಲಿ ಸಿಕ್ಕಾ ಎಣಿಸಿಕೊಂಡು. ಅಲ್ಲಿ ದೊಡ್ಡವರ ಮುಂದೆ ಹೋಗುವವನು ಕರವಸ್ತ್ರದ ಮೇಲೆ ನಾಣ್ಯ ಇಟ್ಟು, ಎರಡೂ ಕೈಯಲ್ಲಿ ಒಡ್ಡಿ, ಬಗ್ಗಿ ನಿಲ್ಲಬೇಕು. ಅದು ನಜರಾನಾ, ಕೆಳಗಿನಿಂದ ಮೇಲಕ್ಕೆ ಹೋಗುವಂಥದ್ದು. ಹಿಂದಿನವರು ಅದನ್ನು ಮುಟ್ಟಿ ಬಿಟ್ಟುಕೊಡುತ್ತಿದ್ದರು, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಇಟ್ಟುಕೊಂಡೇಬಿಡುತ್ತಿದ್ದರು ಎಂದು ಹೈದರಾಬಾದಿನ ಕಡೆ ಇಂದಿಗೂ ನಗುತ್ತಾರೆ. ಮೇಲಿನವರು ಖುಷಿಯಾದಾಗ ಕೆಳಕ್ಕೆ ಬೀಳುವುದು ಬಕ್ಷೀಸು, ಇನಾಮು. ಎರಡರಲ್ಲೂ ಒಬ್ಬ ಬಗ್ಗಿರುತ್ತಾನೆ. ಮುತ್ಯಾ ಯಾರಿಗೂ ದುಡ್ಡು ಒಗೆದು ಕೊಡುತ್ತಿರಲಿಲ್ಲ. ಚಾ ತಂದ ಹುಡುಗನ ಅಂಗೈಯೊಳಗೇ ಇಡುವರು. ನಾನದನ್ನು ಅವರ ಸ್ವಭಾವ ಅಂದುಕೊಂಡಿದ್ದೆ. ಬಹಳ ಬಗ್ಗಿದವನಿಗೆ ಮಾತ್ರ ಬರುವ ಹುಷಾರಿ ಅದು ಎಂದು ಈಗ ಅನ್ನಿಸುತ್ತದೆ.

ಅಮೆರಿಕದ ಟಿಪ್ಪಿನ ಹಿಂದೆಯೂ ಇಂಥದೇ ಮೆಟ್ಟಿಲಿದೆ. ಅಲ್ಲಿ ಗುಲಾಮಗಿರಿ ಹೋದ ಮೇಲೆ ಪುಲ್‌ಮನ್ ಕಂಪನಿ ತನ್ನ ಮಲಗುವ ರೈಲುಡಬ್ಬಿಗಳಿಗೆ ಬಿಡುಗಡೆಯಾದ ಕಪ್ಪು ಜನರನ್ನು ಸೇರಿಸಿಕೊಂಡಿತು. ಸಂಬಳ ಅಷ್ಟಕ್ಕಷ್ಟೆ, ಉಳಿದದ್ದು ಪ್ರಯಾಣಿಕರ ಕೈಯಿಂದ. ಇದು ಸರಿಯಲ್ಲ ಎಂದು 1909ರಿಂದ ಕೆಲವು ರಾಜ್ಯಗಳು ಟಿಪ್ಪು ಕೊಡುವುದನ್ನೇ ಕಾನೂನಿನಿಂದ ತಡೆದವು. 1926ರ ಹೊತ್ತಿಗೆ ಆ ಕಾನೂನುಗಳೆಲ್ಲ ಬಿದ್ದುಹೋದವು. ಟಿಪ್ಪು ಸಿಗುವ ನೌಕರನಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಕೂಲಿ ಅಲ್ಲಿಯ ಕೇಂದ್ರ ಕಾನೂನಿನಲ್ಲಿ ತಾಸಿಗೆ 2.13 ಡಾಲರ್. 1991ರಿಂದ ಅದು ಕದಲಿಲ್ಲ. ತಮ್ಮ ಲೆಕ್ಕ ಹೆಚ್ಚಿಸಿಕೊಂಡ ರಾಜ್ಯಗಳ ಮಾತು ಬೇರೆ. ತಾಟು ಇಟ್ಟವನಿಗೆ ಇಪ್ಪತ್ತು ಯಾಕೆ ಎಂಬ ತಂಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಅದು ಮೇಲಿನ ದುಡ್ಡಲ್ಲ, ಅವನ ಪಗಾರವೇ. ಅಲ್ಲಿಗೆ ಹೋದ ನಮ್ಮವರು ಅದನ್ನು ಉಳಿಸಿ ಜಾಣರಾದೆವು ಅಂದುಕೊಂಡರೆ, ಕೂಲಿಯವನ ಕೂಲಿ ಮುರಿದಂತೆ.

ಮತ್ತೆ ತೊಟ್ಟಿಲಿಗೆ ಬಂದರೆ, ಆ ಚಕ್ರದ ಕಥೆಯಲ್ಲಿ ನಮಗೆ ಹತ್ತಿರದ ಒಬ್ಬನಿದ್ದಾನೆ. ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ 1615ರಲ್ಲಿ ಇಸ್ತಾಂಬುಲ್‌ನಲ್ಲಿ ರಂಜಾನ್ ಹಬ್ಬದ ಸಂಭ್ರಮದಲ್ಲಿ ಮನುಷ್ಯರು ಕೂತು ಮೇಲೆ ಕೆಳಗೆ ಸುತ್ತುವ ದೊಡ್ಡ ಚಕ್ರ ಕಂಡು, ತಾನೂ ಹತ್ತಿ, ಬಹಳ ಖುಷಿಪಟ್ಟು ಬರೆದ. ಎಂಟು ವರ್ಷದ ಮೇಲೆ, 1623ರಲ್ಲಿ, ಅದೇ ಮನುಷ್ಯ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ. ಯುರೋಪಿನವರಿಗೆ ಚಕ್ರ ಹತ್ತಿದ ಸುಖ ಹೇಳಿದವನ ಕಾಲು ಕನ್ನಡದ ನೆಲದ ಮೇಲೂ ನಡೆದಿದೆ ಎಂದು ತಿಳಿದಾಗ ನನಗೆ ಸುಮ್ಮನೆ ಹೆಮ್ಮೆ. ಕಬ್ಬಿಣದ ಚಕ್ರ ಬಂದದ್ದು 1893ರ ಷಿಕಾಗೋ ಪ್ರದರ್ಶನಕ್ಕೆ. ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್ ಕಟ್ಟಿದ್ದು, ಎತ್ತರ 264 ಅಡಿ, ಡಬ್ಬಿಗಳು 36. ಐವತ್ತು ಸೆಂಟಿಗೆ ಎರಡೇ ಸುತ್ತು. ಕೊಸರಿನ ಸುದ್ದಿ ಅಲ್ಲಿಲ್ಲ.

ತಾಂಡೂರಿನ ಸೋದರಮಾವನದು ಫರ್ಸಿ ಕಲ್ಲಿನ ವ್ಯಾಪಾರ. ಲಾರಿ ತುಂಬಿದ ಹಮಾಲರಿಗೆ ಕೂಲಿಯ ಮೇಲೆ ಚಾದ ದುಡ್ಡು ಕೊಡದೆ ಮನೆಗೆ ಹೋದವರಲ್ಲ. ಕೊಡುವ ರೀತಿಯಲ್ಲಿ ನನ್ನ ಎರಡನೆಯ ಗುರು ಅವರೇ. ಜಾತ್ರೆಯ ಕುಸ್ತಿಗೆ ಎಳೆದುಕೊಂಡು ಹೋಗುವರು. ಮೊದಲು ಸಣ್ಣ ಹುಡುಗರ ಜೋಡಿ, ಗೆದ್ದವನಿಗೆ ತೆಂಗಿನಕಾಯಿ. ಆಮೇಲೆ ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು, ನೂರಾ ಒಂದು. ಹೊತ್ತು ಮುಳುಗುವಾಗ ಬೆಳ್ಳಿ ಕಡೆಯ ಕುಸ್ತಿ. ಇಬ್ಬರೂ ಮಣಿಯದೆ ಬರಾಬರಿ ಆದರೆ ಇನಾಮು ಅರ್ಧರ್ಧ. ಆ ಕೊನೆಯ ಒಂದು ರೂಪಾಯಿ ಇದೆಯಲ್ಲ, ಮದುವೆಯ ಆಯೇರದಲ್ಲೂ ಬಿಡದೆ ಇಡುವ ಒಂದು ರೂಪಾಯಿ, ಅದು ಕೊಡುಗೆಯ ಮೇಲೂ ಹಾಕಿದ ಕೊಸರು ಎಂದು ನನ್ನ ವಾದ. ಮಾವ ಒಪ್ಪುತ್ತಿರಲಿಲ್ಲ. "ಸೊನ್ನಿಗಿ ಮುಗಸಬಾರದು, ಅಷ್ಟೇ" ಅನ್ನುವರು.

ಕೊಡುವುದರ ಶಿಸ್ತು ಅತಿ ಕಟ್ಟುನಿಟ್ಟಾಗಿರುವುದು ಮಾತ್ರ ಸಾವಿನ ಬಾವಿಯಲ್ಲಿ. ಹಲಗೆ ಜೋಡಿಸಿದ ದುಂಡನೆಯ ಗೋಡೆ, ಒಳಗೆ ಸೈಲೆನ್ಸರ್ ಕಿತ್ತ ಮೋಟಾರ್ ಸೈಕಲ್ಲು, ಒಮ್ಮೊಮ್ಮೆ ಮಾರುತಿ 800 ಕಾರು. ಗಾಡಿ ಸುತ್ತುತ್ತ ಗೋಡೆ ಏರಿ, ಮೇಲೆ ಕಟಕಟೆ ಹಿಡಿದು ನಿಂತ ನಮ್ಮ ಎದೆಯ ಹತ್ತಿರದವರೆಗೂ ಬರುತ್ತದೆ. ಕಾಲ ಕೆಳಗಿನ ಹಲಗೆ ನಡುಗುತ್ತಿರುತ್ತದೆ. ಆಗ ಜನ ನೋಟು ಹಿಡಿದು ಕೈ ಚಾಚುತ್ತಾರೆ, ಅವನು ಹ್ಯಾಂಡಲ್ ಬಿಟ್ಟು, ಬಾಗಿ ಅದನ್ನು ಕಿತ್ತುಕೊಂಡು ಹೋಗುತ್ತಾನೆ. ಮಾವ ಕಲಿಸಿದ್ದು ಇಷ್ಟು: ನೋಟನ್ನು ಉದ್ದಕ್ಕೆ ಮಡಚು. ತುದಿಯನ್ನು ಎರಡು ಬೆರಳಲ್ಲಿ ಸಡಿಲ ಹಿಡಿ. ಬಿಗಿ ಹಿಡಿದರೆ ಅವನ ಕೈ ಜಗ್ಗಿ ತೋಲ ತಪ್ಪುತ್ತದೆ. ಚಾಚಿದ ಕೈಯನ್ನು ಹಿಂದಕ್ಕೆ ಎಳೆಯಬೇಡ. ಒಮ್ಮೆ ನಮ್ಮ ಪಕ್ಕದ ಹುಡುಗನೊಬ್ಬ ಗೆಳೆಯರನ್ನು ನಗಿಸಲು, ಸವಾರ ಹತ್ತಿರ ಬಂದಾಗ ನೋಟು ಸರಕ್ಕನೆ ಎಳೆದುಕೊಂಡ. ಮಾವ ಗುರುತು ಪರಿಚಯ ಇಲ್ಲದ ಆ ಹುಡುಗನ ಮುಂಗೈ ಮೇಲೆ ಫಟ್ಟನೆ ಹೊಡೆದು, "ಕೊಡೂದಿದ್ರ ಕೊಡು. ಅಂವನ ಜೀವದ ಕೂಡ ಆಟ ಆಡಬ್ಯಾಡ" ಅಂದರು. ಹುಡುಗ ಮುಂದಿನ ಸುತ್ತಿಗೆ ಅದೇ ನೋಟು ಕೊಟ್ಟ, ಮಾವನ ಕಡೆ ನೋಡಲಿಲ್ಲ.

ಈ ಆಟವೂ ಹೊರಗಿನಿಂದ ಬಂದದ್ದೇ. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1911ರ ಸುಮಾರಿಗೆ ಶುರುವಾಯಿತು. ಇಂಗ್ಲೆಂಡಿನಲ್ಲಿ ಈ ಸವಾರರಿಗೆ ವಿಮೆ ಸಿಗುವುದು ಕಷ್ಟ ಎಂದು, ಆಟ ಮುಗಿದ ಮೇಲೆ ಪ್ರೇಕ್ಷಕರು ಮೇಲಿನಿಂದ ಬಾವಿಯೊಳಕ್ಕೆ ಚಿಲ್ಲರೆ ಎಸೆಯುವ ಪದ್ಧತಿ ಇದೆ. ಬಿದ್ದು ಕೈಕಾಲು ಮುರಿದವರ ಖರ್ಚಿಗೆ ಅದು. ಅವರು ಆಟ ಮುಗಿದ ಮೇಲೆ ಎಸೆಯುತ್ತಾರೆ, ನಾವು ಓಡುವವನ ಕೈಗೇ ಕೊಡುತ್ತೇವೆ. ಯಾವುದು ಹೆಚ್ಚು ಮರ್ಯಾದೆಯದು ಎಂದು ಕೇಳಿದರೆ ನಮ್ಮದು ಅನ್ನುತ್ತೇನೆ. ಯಾವುದು ಕ್ಷೇಮದ್ದು ಎಂದು ದಯವಿಟ್ಟು ಕೇಳಬಾರದು.

ಮರ್ಯಾದೆ ಅಂದರೆ ಬರೀ ದುಡ್ಡಲ್ಲ. ಈಗಿನ ತೊಟ್ಟಿಲು ಐವತ್ತು ಅರವತ್ತು ಅಡಿ ಏರುತ್ತದೆ. ತುದಿಗೇರಿದಾಗ ಗುಟ್ಕಾ ಉಗುಳುವ ಮಹಾನುಭಾವರಿದ್ದಾರೆ. ಗಾಳಿ ಎತ್ತ ಬೀಸಿದರೂ ಅದು ಬೀಳುವುದು ಕೆಳಗೆ ಸರಳು ಹಾಕುವ ಹುಡುಗನ ನೆತ್ತಿಗೇ. ಇನ್ನು ಅವನನ್ನು "ಏಯ್" ಎಂದು ಕರೆಯುವವರು. ನಮ್ಮ ಊರುಗಳಲ್ಲಿ ಅಣ್ಣಾ, ಅನ್ನಾ, ಭಾಯಿ ಮೂರಕ್ಕೂ ಬರವಿಲ್ಲ, ಯಾವುದಾದರೂ ನಡೆದೀತು. ಹಾಗಂತ ನಾವೂ ಕಡಿಮೆಯವರಲ್ಲ. ಹೈದರಾಬಾದಿನ ವಸ್ತುಪ್ರದರ್ಶನ, ನುಮಾಯಿಶ್, 1938ರಲ್ಲಿ ಬಾಗೇ ಆಮ್‌ನಲ್ಲಿ ಶುರುವಾಗಿ 1946ರಲ್ಲಿ ನಾಂಪಲ್ಲಿಯ ಮೈದಾನಕ್ಕೆ ಬಂತು. ಅಲ್ಲಿಯ ಪುಟ್ಟ ರೈಲಿನ ಸಾಲಿನಲ್ಲಿ ನಿಂತು ತಳ್ಳಾಡಿ, ಬೈಸಿಕೊಂಡು ಬೆಳೆದವರು ನಾವು. 2016ರಲ್ಲಿ ರಾವಿರ್ಯಾಲದ ಬಳಿ ವಂಡರ್‌ಲಾ ಬಂದ ಮೇಲೆ ಮೊಮ್ಮಕ್ಕಳು ಅಲ್ಲಿಗೂ ಎಳೆದುಕೊಂಡು ಹೋದರು. ಕಬ್ಬಿಣದ ಕಂಬಿಯ ನಡುವೆ ಸಾಲು, ಮಣಿಕಟ್ಟಿಗೆ ಪಟ್ಟಿ, ಎಲ್ಲ ಅಚ್ಚುಕಟ್ಟು. ಬೆಲ್ಟು ಬಿಗಿದ ಹುಡುಗನಿಗೆ ಧನ್ಯವಾದ ಹೇಳಿದೆ. ಅವನು ನಕ್ಕ. ಮುಂದಿನ ಸೀಟಿಗೆ ಹೋಗಲು ಅವನಿಗೆ ಅವಸರವಿತ್ತು. ಸುತ್ತು ಎಷ್ಟು ಎಂದು ಅಲ್ಲಿ ಯಂತ್ರ ನಿರ್ಧರಿಸುತ್ತದೆ. ಬೇಕೆಂದರೂ ಆ ಹುಡುಗ ಎರಡು ಸುತ್ತು ಹೆಚ್ಚಿಗೆ ಹಾಕಲಾರ. ಅವನಿಂದ ಕೊಸರು ಕಿತ್ತುಕೊಂಡವರು ಬಕ್ಷೀಸನ್ನೂ ಕಿತ್ತುಕೊಂಡರೆ ತಪ್ಪೇನು ಎಂದು ಬೇಕಾದರೆ ವಾದಿಸಬಹುದು, ನಾನು ವಾದಿಸುವುದಿಲ್ಲ.

ಜಾತ್ರೆಗೂ ಈಗ ಫೋನ್ ಪೇ ಬಂದಿದೆ. ತೊಟ್ಟಿಲಿನ ಕಂಬಕ್ಕೆ ಸ್ಕ್ಯಾನರಿನ ಹಾಳೆ ಕಟ್ಟಿರುತ್ತಾರೆ. ಟಿಕೇಟಿನ ದುಡ್ಡು ಕಾಸಿಗೆ ಕಾಸು ಮಾಲೀಕನ ಖಾತೆಗೆ ಬೀಳುತ್ತದೆ, ಹುಡುಗನ ಕೈಗೆ ಚಿಲ್ಲರೆ ಉಳಿಯುವ ಮಾತೇ ಇಲ್ಲ. ಗೋಡೆಯ ಮೇಲೆ ಓಡುವವನಿಗೆ ಮಾತ್ರ ಇನ್ನೂ ಸ್ಕ್ಯಾನರ್ ಹಚ್ಚಲಾಗಿಲ್ಲ. ಅದಕ್ಕೇ ತಾಂಡೂರಿನಲ್ಲಿ ಸಾವಿನ ಬಾವಿಯ ಏಣಿಯ ಬುಡದಲ್ಲಿ ಒಬ್ಬ ಶೇಂಗಾದವನು ಕೂಡುತ್ತಾನೆ. ಅವನ ಡಬ್ಬಿಯ ತುಂಬ ಹತ್ತರ ನೋಟು. ನೂರು ರೂಪಾಯಿ ಫೋನ್ ಪೇ ಮಾಡಿದೆ, ಒಂಬತ್ತು ನೋಟು ಎಣಿಸಿ ಕೊಟ್ಟು, ಹತ್ತನೆಯದರ ಬದಲು ಒಂದು ಪೊಟ್ಟಣ ಶೇಂಗಾ ಕೈಗಿಟ್ಟ.

"ಇದೇನಪಾ, ನಾ ಶೇಂಗಾ ಕೇಳಿದ್ನೇನು?"

"ಹತ್ತ್ ರೂಪಾಯಿ ನಂದು ಸರ್, ಚಿಲ್ಲರ್ ಕೊಟ್ಟಿದ್ದಕ್ಕ" ಅಂದ. ಪೊಟ್ಟಣ ತೋರಿಸಿ, "ಶೇಂಗಾ ಕೊಸರು."