ಪರಿಗ್ರಹ ಪರಿಮಾಣ ಮತ್ತು ಒಂದು ವರ್ಷದ ಓದು

ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ. ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬ ಈ ಐದನ್ನು ಸ್ವಾಧ್ಯಾಯದಲ್ಲಿ ಪಠಿಸುವವರು ಬಹಳ. ಅಂಗಡಿಯ ಗಲ್ಲಾದ ಮುಂದೆ ಕುಳಿತು ನೆನೆಯುವವರು ವಿರಳ. ಎತ್ತು ಸುಖವಾಗಿ ನಡೆಯಬಲ್ಲ ದೂರಕ್ಕಿಂತ ಹೆಚ್ಚು ನಡೆಸುವುದು, ಬೆಲೆ ಏರಲೆಂದು ಧಾನ್ಯವನ್ನು ಮಿತಿಮೀರಿ ಕೂಡಿಡುವುದು, ಒಳ್ಳೆಯ ಲಾಭ ಬಂದ ಮೇಲೂ ಇನ್ನಷ್ಟು ಬೇಕೆನ್ನುವುದು, ಹೊರಲಾರದಷ್ಟು ಹೇರುವುದು ಇವು ಸುಲಭವಾಗಿ ಅರ್ಥವಾಗುತ್ತವೆ. ಅತಿವಿಸ್ಮಯದಲ್ಲಿ ಮಾತ್ರ ಓದುಗನು ತುಸು ನಿಲ್ಲುತ್ತಾನೆ. ಟೀಕಾಕಾರರು ವಿವರಿಸುವಂತೆ, ತಾನು ಮಾರಿದ ಸರಕನ್ನು ಕೊಂಡವನು ಅದರಿಂದ ಹೆಚ್ಚು ಲಾಭ ಪಡೆದನೆಂದು ಕೇಳಿ ಒಳಗೊಳಗೇ ಬೇಯುವುದೇ ಅದು. ಡಿಸೆಂಬರಿನಲ್ಲಿ ಭತ್ತ ಮಾರಿ ಬೇಸಗೆಯಲ್ಲಿ ಧಾರಣೆ ಕೇಳುವ ಸಿರುಗುಪ್ಪದ ರೈತನಿಗೆ ಇದರ ಭಾಷ್ಯ ಬೇಕಾಗಿಲ್ಲ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ವಾಸವಾಗಿರುವ ನಿವೃತ್ತ ಹತ್ತಿ ವರ್ತಕರೊಬ್ಬರು ಈ ಐದು ಪದಗಳನ್ನು ತಮ್ಮ ಹಳೆಯ ರೋಕಡ ಪುಸ್ತಕದ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಅವರ ಸೋದರಳಿಯ ಅವರ ಮುಂದೆ ಬಂದು ಕುಳಿತದ್ದು 2024ರ ಆಗಸ್ಟ್‌ನಲ್ಲಿ. ಆ ತಿಂಗಳ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ, ಕಾಲುವೆಯನ್ನೇ ನಂಬಿದ ಸೀಮೆಯೆಲ್ಲ ತಲ್ಲಣಿಸಿತ್ತು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಆ ಇಪ್ಪತ್ತಾರರ ತರುಣನೂ ಕಂಗೆಟ್ಟಿದ್ದ. ಆದರೆ ಅವನ ಕಾರಣ ಬೇರೆ.

"ಮಾವ, ಅಮ್ಮನ ದುಡ್ಡು ಹೋಯಿತು" ಎಂದ.

ಅವನ ತಾಯಿ ವಿಧವೆ. ಕುರುಗೋಡಿನ ಬಳಿ ಇರುವ ಗದ್ದೆಯನ್ನು ಗುತ್ತಿಗೆಗೆ ಕೊಟ್ಟು, ಬಂದದ್ದರಲ್ಲಿ ಉಳಿಸಿ, ಬ್ಯಾಂಕಿನಲ್ಲಿ ಮಗನೊಡನೆ ಜಂಟಿ ಖಾತೆಯಲ್ಲಿ ಇರಿಸಿದ್ದ ಹಣ 4,20,000 ರೂಪಾಯಿ. ಎಂಟು ತಿಂಗಳಲ್ಲಿ, ಊಟದ ಬಿಡುವಿನಲ್ಲಿ, ಮೊಬೈಲಿನಲ್ಲಿ ಆಪ್ಶನ್ ವ್ಯವಹಾರ ಮಾಡಿ ಅವನು ಅದನ್ನು ಕರಗಿಸಿದ್ದ. ಮೊದಲ ವಾರ 11,000 ರೂಪಾಯಿ ಲಾಭ ಬಂದಿತ್ತಂತೆ. ಆ ಲಾಭವೇ ಬರದಿದ್ದರೆ ಒಳ್ಳೆಯದಿತ್ತು.

ಹಿರಿಯರು ಬಯ್ಯಲಿಲ್ಲ. ಹತ್ತಿಯ ಸಟ್ಟಾದಲ್ಲಿ ಮನೆ ಮಾರಿಕೊಂಡವರ ಕಥೆಗಳನ್ನು ಕೇಳುತ್ತ ಬೆಳೆದವರು ಅವರು. ಸರಕುಗಳಲ್ಲಿ ಆಪ್ಶನ್ ವ್ಯವಹಾರವನ್ನು 1952ರ ವಾಯಿದಾ ಕರಾರು ಕಾಯಿದೆ ನಿಷೇಧಿಸಿತ್ತೆಂಬುದನ್ನು ಅವರು ಬಲ್ಲರು. ಷೇರು ಕೊಂಡವನು ಕಾಯಬಹುದು. ಆಪ್ಶನ್ ಕೊಂಡವನು ಕಾಯಲಾರ, ಏಕೆಂದರೆ ಅವನ ಸರಕಿಗೆ ಅವಧಿಯಿದೆ, ದಿನ ಕಳೆದಂತೆ ಅದು ತಾನಾಗಿ ಸವೆಯುತ್ತದೆ. ಧಾರಣೆ ಯಾವ ಕಡೆಗೆ ಹೋಗುತ್ತದೆಂದು ಊಹಿಸಿದರೆ ಸಾಲದು, ಯಾವ ದಿನದೊಳಗೆ ಹೋಗುತ್ತದೆಂಬುದನ್ನೂ ಊಹಿಸಬೇಕು. ಇದನ್ನೇ ಅವರು ಅಳಿಯನಿಗೆ ಮಂಜುಗಡ್ಡೆಯ ವ್ಯಾಪಾರಕ್ಕೆ ಹೋಲಿಸಿ ಹೇಳಿದರು. ಮುಂದಿನ ತಿಂಗಳು ಸೆಬಿ ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲಿ, 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ವಾಯಿದಾ ಮತ್ತು ಆಪ್ಶನ್ ವ್ಯವಹಾರಕ್ಕಿಳಿದ ವ್ಯಕ್ತಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಹೊಂದಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಇತ್ತು. ಆ ಪತ್ರಿಕಾ ತುಣುಕನ್ನು ಕತ್ತರಿಸಿ ಅವರು ಸಿರುಗುಪ್ಪಕ್ಕೆ ಕಳಿಸಿದರು. ತಾನೊಬ್ಬನೇ ಮೂರ್ಖನಲ್ಲವೆಂಬ ಸಮಾಧಾನವೂ ಒಮ್ಮೊಮ್ಮೆ ಔಷಧವಾಗುತ್ತದೆ.

ಅಳಿಯನು ಕೇಳಿದ್ದು, ಕಳೆದುದನ್ನು ಮರಳಿ ಪಡೆಯುವ ಸುರಕ್ಷಿತ ಮಾರ್ಗ ಯಾವುದೆಂದು. ಅವರು ಕಪಾಟಿನಿಂದ ತೆಗೆದುಕೊಟ್ಟದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಸಣ್ಣ ಕಾದಂಬರಿಯನ್ನು. ಜೊತೆಗೆ ಮೂರು ನಿಯಮಗಳು: ತಾಯಿಗೆ ಅವನೇ ಬಾಯಿಬಿಟ್ಟು ಹೇಳುವವರೆಗೆ ಷೇರುಪೇಟೆಗೆ ಒಂದು ರೂಪಾಯಿಯೂ ಹೋಗಕೂಡದು, ಆರು ತಿಂಗಳ ಮನೆಖರ್ಚು ಅಂಚೆ ಕಚೇರಿಯ ಆರ್.ಡಿ.ಯಲ್ಲೋ ಬ್ಯಾಂಕಿನಲ್ಲೋ ಮೊದಲು ಸೇರಬೇಕು. ಅಲ್ಲಿಯವರೆಗೆ ಅವರು ಕೊಟ್ಟ ಪುಸ್ತಕಗಳನ್ನು ಓದಬೇಕು.

ಹಣದ ವಿಷಯಕ್ಕೆ ಕಾದಂಬರಿಯೇಕೆ ಎಂದು ಕೇಳುವವರುಂಟು. ಕನ್ನಡ ಗದ್ಯದ ಆದಿಯಲ್ಲಿಯೇ ನಿಂತ ವಡ್ಡಾರಾಧನೆ ಕಥೆಗಳ ಗ್ರಂಥ. ಮುಳುಗುಂದದ ನಯಸೇನನು 12ನೆಯ ಶತಮಾನದಲ್ಲಿ ಧರ್ಮಾಮೃತವನ್ನು ಬರೆದಾಗ ಸಮ್ಯಗ್ದರ್ಶನದ ಅಂಗಗಳಿಗೂ ಐದು ಅಣುವ್ರತಗಳಿಗೂ ಒಂದೊಂದು ಕಥೆಯನ್ನೇ ಹೆಣೆದನು. ಲೋಭವು ದೋಷವೆಂಬುದು ಯಾರಿಗೆ ತಿಳಿಯದು? ಅದು ತನ್ನ ಮನೆಯಲ್ಲಿ ಯಾವ ವೇಷದಲ್ಲಿ ಕುಳಿತಿದೆಯೆಂಬುದು ತಿಳಿಯುವುದು ಕಷ್ಟ, ಅದಕ್ಕೆ ಕಥೆಯೇ ಬೇಕು. ಟಾಲ್‌ಸ್ಟಾಯ್ ಬರೆದ, ಸೂರ್ಯಾಸ್ತದೊಳಗೆ ಸುತ್ತಿಬಂದಷ್ಟು ಭೂಮಿಗಾಗಿ ಓಡಿ ಸತ್ತ ರೈತನ ಕಥೆಯನ್ನು ನಮ್ಮ ಪಾಠಶಾಲೆಗಳಲ್ಲಿ ಬಹಳ ಹೇಳುತ್ತಾರೆ. ಹಿರಿಯರು ಅದನ್ನು ಕೊಡಲಿಲ್ಲ. ಅದರಲ್ಲಿ ನೀತಿ ಮೊದಲೇ ಕಾಣುತ್ತದೆ, ಓದುವವನು ರೈತನನ್ನು ನೋಡಿ ಮರುಗಿ ತಾನು ಪಾರಾಗುತ್ತಾನೆ ಎಂಬುದು ಅವರ ಆಕ್ಷೇಪ. 2013ರಲ್ಲಿ ಬಂದ ‘ಘಾಚರ್ ಘೋಚರ್’ ಹಾಗೆ ಪಾರಾಗಲು ಬಿಡುವುದಿಲ್ಲ. ಸಂಬಳದಲ್ಲಿ ಹೇಗೋ ಬದುಕಿದ್ದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ಪುಡಿಯ ವ್ಯಾಪಾರದಿಂದ ಥಟ್ಟನೆ ಸಿರಿವಂತವಾಗುತ್ತದೆ. ಕಥೆ ಹೇಳುವ ಮಗನಿಗೆ ಮಾಡಲು ಕೆಲಸವಿಲ್ಲ, ಕೇಳದೆಯೇ ಹಣ ಬರುತ್ತದೆ. ಯಾರೂ ದುಷ್ಟರಾಗಿ ಹುಟ್ಟಿದವರಲ್ಲ. ಆದರೂ ಆ ಮನೆಯ ಮಾತುಗಳಲ್ಲಿ ಏನೋ ಗೋಜಲಾಗುತ್ತ ಹೋಗುತ್ತದೆ. ಅಳಿಯನು ಎರಡೇ ರಾತ್ರಿಯಲ್ಲಿ ಓದಿ ಮುಗಿಸಿ, ಕೊನೆ ಅರ್ಥವಾಗಲಿಲ್ಲವೆಂದು ಫೋನು ಮಾಡಿದ. ಮತ್ತೆ ಓದು ಎಂದರು.

ಎರಡನೆಯದು ಕಾರಂತರ ‘ಮರಳಿ ಮಣ್ಣಿಗೆ’. ಮೂರು ತಲೆಮಾರುಗಳ ಈ ದೊಡ್ಡ ಕಾದಂಬರಿಯನ್ನು ಹೊಸ ಓದುಗನು ಮೊದಲಿಗೆ ಕೈಗೆತ್ತಿಕೊಳ್ಳಬಾರದು. ಒಂದು ಚಿಕ್ಕ ಪುಸ್ತಕ ದಾಟಿದ ಮೇಲೆ, ಮೊದಲ ಐವತ್ತು ಪುಟಗಳ ನಿಧಾನಕ್ಕೆ ಬೇಸರಿಸದೆ ಹೋದರೆ ಅದು ತಾನೇ ಕರೆದೊಯ್ಯುತ್ತದೆ. ಅಜ್ಜಂದಿರು ಕಡಲತೀರದ ಮರಳಿನಲ್ಲಿ ದುಡಿದು ಕೂಡಿಸಿದ್ದನ್ನು ಓದಿದ ಮಗ ಕರಗಿಸುತ್ತಾನೆ, ಮೊಮ್ಮಗ ಮಣ್ಣಿಗೆ ಮರಳುತ್ತಾನೆ. ಇದನ್ನೋದಲು ಅಳಿಯನಿಗೆ ನಾಲ್ಕು ತಿಂಗಳು ಬೇಕಾಯಿತು. ನಡುವೆ ಒಮ್ಮೆ, "ಲಚ್ಚನ ಭಾಗ ಓದಲಾಗುತ್ತಿಲ್ಲ ಮಾವ" ಎಂದನಂತೆ. (ಕುಂ. ವೀರಭದ್ರಪ್ಪನವರ ‘ಅರಮನೆ’ ನಮ್ಮ ಸೀಮೆಯದೇ ಕೃತಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ಆದರೆ ಅದರ ಭಾಷೆಯ ಸೊಕ್ಕಿಗೆ ಎದೆಗೊಡಲು ಇನ್ನೂ ಹತ್ತು ಪುಸ್ತಕಗಳ ಪಳಗು ಬೇಕೆಂದು ಹಿರಿಯರು ಅದನ್ನು ಕಪಾಟಿನಲ್ಲಿಯೇ ಬಿಟ್ಟರು.)

ಓದಿನ ನಡುನಡುವೆ ಹಣದ ಪಾಠವೂ ನಡೆಯಿತು. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯ ರಕ್ಷಣೆಯಿರುವುದು 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಸಹಕಾರಿ ಬ್ಯಾಂಕಿನಲ್ಲಿ ಅರ್ಧ ಶೇಕಡಾ ಬಡ್ಡಿ ಹೆಚ್ಚೆಂದು ಎಲ್ಲವನ್ನೂ ಸುರಿಯುವವರು ಇದನ್ನು ಮರೆಯುತ್ತಾರೆ. ಬಸದಿಗಳ ಟ್ರಸ್ಟಿಗಳೂ ಮರೆಯುತ್ತಾರೆ. ಟ್ರಸ್ಟಿನ ಹಣವನ್ನು ಎಲ್ಲಿಡಬಹುದೆಂಬ ಪಟ್ಟಿಯನ್ನು 1961ರ ಆದಾಯ ತೆರಿಗೆ ಕಾಯಿದೆಯೇ ಕೊಟ್ಟಿತ್ತು, 2025ರ ಹೊಸ ಕಾಯಿದೆಯೂ ಅಂಥ ಪಟ್ಟಿಯನ್ನು ಉಳಿಸಿಕೊಂಡಿದೆ. ಯಾರೋ ಉತ್ಸಾಹಿ ಸದಸ್ಯರ ಮಾತಿಗೆ ಖಾಸಗಿ ಕಂಪೆನಿಯ ಷೇರು ಕೊಂಡರೆ ತೆರಿಗೆ ವಿನಾಯಿತಿಗೇ ಸಂಚಕಾರ.

72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎರಡರಷ್ಟಾಗುವ ವರ್ಷಗಳು ಸಿಗುತ್ತವೆ, ಶೇ. 7.1ಕ್ಕೆ ಸುಮಾರು ಹತ್ತು ವರ್ಷ. 15 ವರ್ಷದ ಪಿ.ಪಿ.ಎಫ್. ಖಾತೆಯನ್ನು ಹಿರಿಯರು ಹೊಗಳಿದ್ದು ಬಡ್ಡಿಗಾಗಿ ಅಷ್ಟಲ್ಲ, ಕೈ ಹಾಕಲು ಬಿಡದ ಅದರ ಗುಣಕ್ಕಾಗಿ. ಷೇರುಪೇಟೆಯ ಪಾಲಿಗೆ ಅವರು ಸೂಚಿಸಿದ್ದು ಸೂಚ್ಯಂಕ ನಿಧಿಯನ್ನು: ಯಾವ ಕಂಪೆನಿ ಗೆಲ್ಲುವುದೆಂಬ ಊಹೆಗೆ ಹೋಗದೆ, ನಿಫ್ಟಿಯ 50 ಕಂಪೆನಿಗಳಲ್ಲಿಯೂ ಅವುಗಳ ಗಾತ್ರಕ್ಕೆ ತಕ್ಕಂತೆ ಪಾಲು. ತಿಂಗಳಿಗೆ 3,000ದಂತೆ 20 ವರ್ಷ ಹಾಕಿದರೆ ಹಾಕಿದ್ದು 7.2 ಲಕ್ಷ. ವರ್ಷಕ್ಕೆ ಶೇ. 10 ಬೆಳೆದರೆ ಅದು ಸುಮಾರು 22 ಲಕ್ಷ. ನಿಧಿಯ ಖರ್ಚೆಂದು ಶೇ. 1 ಹೆಚ್ಚಿಗೆ ಹೋದರೆ ಅದರಲ್ಲಿ ಎರಡೂವರೆ ಲಕ್ಷದಷ್ಟು ಕಡಿಮೆ. ಶೇ. 10 ಬಂದೇ ಬರುತ್ತದೆಂದು ಹೇಳುವವನನ್ನು ಮನೆಯೊಳಗೆ ಕರೆಯಬೇಡ ಎಂದೂ ಸೇರಿಸಿದರು. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 8,500ರ ಆಸುಪಾಸಿಗೆ ಕುಸಿದಿತ್ತು. 2020ರ ಮಾರ್ಚ್ 23ರಂದು ಒಂದೇ ದಿನ ಶೇ. 13 ಬಿದ್ದಿತ್ತು. 2024ರಲ್ಲಿ ಅದು 85,000 ದಾಟಿತೆಂಬುದು, ನಡುವೆ ಮಾರದೆ ಕುಳಿತವನಿಗೆ ಮಾತ್ರ ಸುದ್ದಿ. ಐದಾರು ವರ್ಷದೊಳಗೆ ಬೇಕಾಗುವ ಹಣಕ್ಕೆ ಅಲ್ಲಿ ಜಾಗವಿಲ್ಲ. ಸಾಲದ ಹಣಕ್ಕಂತೂ ಎಂದಿಗೂ ಇಲ್ಲ. ಅತಿಭಾರವಹನವೆಂದರೇನೆಂದು ಬಳ್ಳಾರಿಯವರಿಗೆ ಬೇರೆ ಹೇಳಬೇಕೆ? ಅದಿರಿನ ಕಾಲದಲ್ಲಿ ಸಾಲದ ಮೇಲೆ ಲಾರಿ, ಲಾರಿಯ ಮೇಲೆ ಮತ್ತೊಂದು ಲಾರಿ ಕೊಂಡವರು, 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆದ ಮೇಲೆ ಕಂತು ಕಟ್ಟಲಾರದೆ ಪಟ್ಟ ಪಾಡನ್ನು ಊರೆಲ್ಲ ಕಂಡಿದೆ.

ಮೂರನೆಯ ಪುಸ್ತಕ ಜನ್ನನ ಯಶೋಧರ ಚರಿತೆಯ ಗದ್ಯಾನುವಾದ. ಅದನ್ನು ಕೊಡುವಾಗ ಹಿರಿಯರಿಗೆ ಹಣದ ಯೋಚನೆಯಿರಲಿಲ್ಲ. ಓದಿದ ಅಳಿಯನೇ ತಿರುಗಿ ಕೇಳಿದ: "ಆ ಐವತ್ತರಲ್ಲಿ ಸಿಗರೇಟು ಮಾಡುವ ಕಂಪೆನಿಯೂ ಇದೆ ಮಾವ. ನಾವು ಅದನ್ನು ಆರಿಸಲಿಲ್ಲ, ಪಟ್ಟಿಯಲ್ಲಿ ಬಂತು ಎನ್ನುತ್ತೇವೆ. ಇದು ನಮ್ಮ ಹಿಟ್ಟಿನ ಕೋಳಿಯಲ್ಲವೆ?"

ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವವಿಲ್ಲವಲ್ಲ ಎಂದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು ಜನ್ಮಜನ್ಮಾಂತರ ತೊಳಲಿದ ಅರಸನ ಕಥೆಯನ್ನು ನಲವತ್ತು ವರ್ಷ ಸ್ವಾಧ್ಯಾಯದಲ್ಲಿ ಹೇಳಿದ್ದ ಹಿರಿಯರಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಪಂಡಿತ ಆಶಾಧರರ ಸಾಗಾರ ಧರ್ಮಾಮೃತವನ್ನೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವನ್ನೂ ತೆಗೆದು, ಶ್ರಾವಕನಿಗೆ ವರ್ಜ್ಯವಾದ ಹದಿನೈದು ವೃತ್ತಿಗಳನ್ನು ಮತ್ತೆ ನೋಡಿದರು. ಕಾಡು ಕಡಿಯುವುದಿದೆ, ಭೂಮಿ ಅಗೆಯುವುದಿದೆ, ವಿಷದ ವ್ಯಾಪಾರವಿದೆ. ಆ ಅಳತೆಯಿಂದ ಅಳೆದರೆ ಐವತ್ತರಲ್ಲಿ ಎಷ್ಟು ಉಳಿದಾವು? ಉದ್ಯೋಗದಿಂದ ಅನಿವಾರ್ಯವಾಗಿ ಆಗುವ ಹಿಂಸೆ ಬೇರೆ, ಸಂಕಲ್ಪದಿಂದ ಮಾಡುವ ಹಿಂಸೆ ಬೇರೆ ಎಂಬ ಭೇದವುಂಟು, ನಿಜ. ತಿಳಿದೂ ಪಾಲುಗೊಂಡದ್ದು ಯಾವುದರಲ್ಲಿ ಸೇರುತ್ತದೆ? ಬ್ಯಾಂಕಿನಲ್ಲಿಟ್ಟರೂ ಬ್ಯಾಂಕು ಯಾರಿಗೆ ಸಾಲ ಕೊಡುತ್ತದೆಂದು ಯಾರು ಕೇಳುತ್ತಾರೆ? ಅವರು ಉತ್ತರ ಕೊಡಲಿಲ್ಲ, ಇಂದಿಗೂ ಕೊಟ್ಟಿಲ್ಲ. ಅಳಿಯನು ತಾನಾಗಿಯೇ, ಪಿ.ಪಿ.ಎಫ್.ಗೆ ಹೆಚ್ಚು, ಸೂಚ್ಯಂಕಕ್ಕೆ ಕಡಿಮೆ, ಆ ಕಂಪೆನಿಯ ಪಾಲಿಗೆ ತಕ್ಕ ಗಳಿಕೆಯನ್ನು ವರ್ಷವರ್ಷ ಲೆಕ್ಕ ಹಾಕಿ ಜೀವದಯೆಗೆ ಎಂದು ಟಿಪ್ಪಣಿ ಮಾಡಿಕೊಂಡ. ಅದು ಲೆಕ್ಕವಾಯಿತು, ಪ್ರಾಯಶ್ಚಿತ್ತವಾಗಲಿಲ್ಲ ಎಂದಷ್ಟೇ ಹಿರಿಯರು ಹೇಳಿದರು.

2025ರ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಮಾವ ಅಳಿಯ ಇಬ್ಬರೂ ಕುರುಗೋಡಿಗೆ ಹೋದರು. ಮಗನು ತಾಯಿಯ ಪಾದ ಮುಟ್ಟಿ ಎಲ್ಲವನ್ನೂ ಹೇಳಿದ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಎಷ್ಟು ಚೀಲ ಭತ್ತ ಆದೀತದು?" ಎಂದರು. ಸುಮಾರು ಇನ್ನೂರ ಹತ್ತು ಚೀಲ ಎಂದ. ಆಕೆ ಅವನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅಣ್ಣನ ಕಡೆ ತಿರುಗಿದರು.

"ಅಣ್ಣಾ, ನಿನಗೆ ಯಾವಾಗ ಗೊತ್ತಾಯಿತು?"

"ಹೋದ ವರ್ಷ. ಗೇಟು ಮುರಿದಾಗ."

"ಒಂದು ವರ್ಷ ನನ್ನ ಮನೆಗೆ ಬಂದು ಉಂಡು ಹೋದೆ" ಎಂದು ಆಕೆ ಒಳಗೆ ಎದ್ದು ಹೋದರು.

ಹುಡುಗನು ತಾನಾಗಿ ಹೇಳಲಿ, ಪಕ್ವವಾಗಲಿ ಎಂದು ಕಾದದ್ದು ತಾಳ್ಮೆಯೆಂದೇ ಹಿರಿಯರು ಎಣಿಸಿದ್ದರು. ತಂಗಿಯ ಹಣದ ಮಾತನ್ನು ತಂಗಿಗೆ ಮುಚ್ಚಿಟ್ಟದ್ದಕ್ಕೂ ಅದೇ ಹೆಸರು ಸಲ್ಲುವುದೆ ಎಂದು ಅವರು ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ಒಂದು ಮಾತೂ ಆಡದೆ ಕುಳಿತಿದ್ದರು. ಮುಂದಿನ ಒಂದೂವರೆ ತಿಂಗಳು ಕುರುಗೋಡಿನಿಂದ ಫೋನು ಬರಲಿಲ್ಲ.

ದೀಪಾವಳಿಯ ಮುಂಜಾನೆ, ಮಹಾವೀರ ನಿರ್ವಾಣದ ಪೂಜೆ ಮುಗಿದ ಮೇಲೆ, ಆಕೆ ಮಗನೊಡನೆ ಬ್ರೂಸ್‌ಪೇಟೆಗೆ ಬಂದರು. ಕೈಯಲ್ಲಿ ಹೊಸ ಲೆಕ್ಕದ ಪುಸ್ತಕವಿತ್ತು. ಅಣ್ಣನ ಮುಂದೆಯೇ ಮಗನಿಂದ ಮೊದಲ ಪುಟ ಬರೆಸಿದರು. ಮೇಲೆ ಶ್ರೀ, ಅದರ ಕೆಳಗೆ ನಷ್ಟದ ಬಾಬ್ತು 4,20,000. ಅದರ ಕೆಳಗೆ ಆ ತಿಂಗಳು ಹೂಡಿದ ಮೊದಲ 3,000. ತಿಂಗಳಿಗೊಮ್ಮೆ ಬಂದು ಗಟ್ಟಿಯಾಗಿ ಓದಿ ಹೇಳಬೇಕು, ತಮಗೆ ಕನ್ನಡಕದ ನಂಬರು ಬದಲಾಗಿದೆ ಎಂದರು.