ಕಾರು ಹೇಳಿದ್ದು, ಹೇಳದೇ ಬಿಟ್ಟದ್ದು

ನನ್ನ ಮೊದಲ ಕಾರಿನ ಎಂಜಿನ್ ಹಾಳು ಮಾಡಿದ್ದು ನಾನೇ. ಕಂಪನಿಯ ದೋಷವಲ್ಲ, ಮೆಕ್ಯಾನಿಕ್‌ನ ಎಡವಟ್ಟೂ ಅಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಕಣ್ಣೆದುರೇ ಉರಿಯುತ್ತಿತ್ತು, ನೋಡಿಕೊಂಡೇ ಗಾಡಿ ಓಡಿಸಿದೆ. ಕೆಲವು ವರ್ಷಗಳ ಮೇಲೆ, ರಾಡಾರ್, ಕ್ಯಾಮೆರಾ ಎಲ್ಲ ಇರುವ ಎರಡನೇ ಕಾರನ್ನು ನಿಂತ ಲಾರಿಗೆ ಉಜ್ಜಿದವನೂ ನಾನೇ. ಆಗ ಉರಿಯುತ್ತಿದ್ದದ್ದು ಹಸಿರು ದೀಪ. ಮೊದಲನೆಯದಕ್ಕೆ ಕೈತುಂಬ ಹಣ ಹೋಯಿತು. ಎರಡನೆಯದಕ್ಕೆ ಅಷ್ಟು ಹೋಗಲಿಲ್ಲ, ಆದರೆ ಇವತ್ತಿಗೂ ನಾಚಿಕೆಯಾಗುವುದು ಅದಕ್ಕೇ.

ಸಕಲೇಶಪುರದ ಹತ್ತಿರ ಸ್ನೇಹಿತರ ಕಾಫಿ ತೋಟಕ್ಕೆ ಹೋಗಿದ್ದೆವು. ತೋಟದ ದಾರಿ ಅಂದರೆ ಗೊತ್ತಲ್ಲ, ಜೀಪು ಓಡಾಡಿ ಎರಡೂ ಕಡೆ ಗುಂಡಿ, ನಡುವೆ ದಿಬ್ಬ, ದಿಬ್ಬದ ಮೇಲೆ ಕಲ್ಲು. ಊಟ ಮುಗಿಸಿ ಹೊರಟಾಗ ಜೀಪಿಗೆ ತಾಗದ ಕಲ್ಲೊಂದು ನನ್ನ ಪುಟ್ಟ ಪೆಟ್ರೋಲ್ ಕಾರಿನ ಹೊಟ್ಟೆಗೆ ಧಡ್ ಎಂದು ಬಡಿಯಿತು. ಇಳಿದು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಏನು ನೋಡಬೇಕೆಂದು ಗೊತ್ತಿದ್ದರೆ ತಾನೇ ಕಾಣುವುದು! ಮಂಗಳೂರಿನ ದಾರಿ ಹಿಡಿದೆವು.

ಮಾರನಹಳ್ಳಿ ದಾಟಿ ಶಿರಾಡಿ ಘಾಟಿಯ ಇಳಿಜಾರು ಶುರುವಾದ ಮೇಲೆ ತಿರುವುಗಳಲ್ಲಿ ಕೆಂಪು ದೀಪವೊಂದು ಮಿನುಗತೊಡಗಿತು. ಮೂತಿಯಿಂದ ಹನಿ ತೊಟ್ಟಿಕ್ಕುವ ಗಿಂಡಿಯ ಚಿತ್ರ. ತಿರುವಿನಲ್ಲಿ ಬರುತ್ತಿತ್ತು, ನೇರ ರಸ್ತೆಯಲ್ಲಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹೋಗುವುದನ್ನೇ ಬಿಟ್ಟಿತು. "ಅದೇನ್ರೀ ಕೆಂಪಗೆ?" ಅಂದಳು ಹೆಂಡತಿ. "ಆಯಿಲ್ ಕಡಿಮೆ ಆಗಿರ್ಬೇಕು, ಕೆಳಗೆ ಹೋಗಿ ಹಾಕಿಸಿದ್ರಾಯ್ತು" ಅಂದೆ. ಪೆಟ್ರೋಲ್ ದೀಪ ಬಂದ ಮೇಲೂ ಕಾರು ಸಾಕಷ್ಟು ದೂರ ಓಡುತ್ತದಲ್ಲ, ಇದೂ ಹಾಗೇ ಎಂಬುದು ನನ್ನ ಲೆಕ್ಕ. ಹಿಂದೆ ಗ್ಯಾಸ್ ಟ್ಯಾಂಕರ್, ಮೇಲೆ ಮಳೆ, ನಿಲ್ಲಿಸಲು ಜಾಗವಿಲ್ಲ ಎಂಬ ನೆಪವೂ ಜೊತೆಗಿತ್ತು.

ಆ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಲ್ಲ, ಆಯಿಲ್‌ನ ಒತ್ತಡ ಬಿದ್ದುಹೋಗಿದೆ ಎಂದು ಹೇಳುವುದು. ಎಂಜಿನ್ ತಿರುಗುವಾಗ ಆಯಿಲ್ ಪಂಪು ತಳದ ಚೇಂಬರ್‌ನಿಂದ ಆಯಿಲ್ ಎಳೆದು, ಒತ್ತಡದಲ್ಲಿ ಬೇರಿಂಗ್‌ಗಳಿಗೆ ತಳ್ಳುತ್ತದೆ. ಕ್ರ್ಯಾಂಕ್‌ಶಾಫ್ಟ್ ನೇರವಾಗಿ ಬೇರಿಂಗ್ ಮೇಲೆ ಕೂತಿರುವುದಿಲ್ಲ, ನಡುವಿನ ತೆಳು ಎಣ್ಣೆ ಪದರದ ಮೇಲೆ ತೇಲುತ್ತಿರುತ್ತದೆ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಸುತ್ತು. ಆ ವೇಗದಲ್ಲಿ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜಿ, ಬಿಸಿಯೇರಿ, ಕಚ್ಚಿಕೊಳ್ಳುತ್ತದೆ. ಕೆಡಲು ಗಂಟೆಗಟ್ಟಲೆ ಬೇಡ, ನಿಮಿಷಗಳು ಸಾಕು. ಮೊದಮೊದಲು ತಿರುವಿನಲ್ಲಿ ಮಾತ್ರ ದೀಪ ಬಂದದ್ದು ಏಕೆಂದು ಈಗ ಅರ್ಥವಾಗುತ್ತದೆ. ಒಡೆದ ಚೇಂಬರ್‌ನಲ್ಲಿ ಉಳಿದಿದ್ದ ಚೂರುಪಾರು ಆಯಿಲ್ ಒಂದು ಬದಿಗೆ ಸರಿದಾಗ ಪಂಪು ಬರೀ ಗಾಳಿ ಎಳೆಯುತ್ತಿತ್ತು. ನಾನೋ, ಘಾಟಿ ಇಳಿಯುವಾಗ ಬ್ರೇಕ್ ಕಾಯಬಾರದೆಂದು ಜಾಣತನದಿಂದ ಎರಡನೇ ಗೇರಿನಲ್ಲಿ ಎಂಜಿನ್ ಗಿರ್ರೆನಿಸುತ್ತಿದ್ದೆ!

ಮೊದಲು ಟಕಟಕ ಸದ್ದು. ಆಮೇಲೆ ಒಂದು ಜಗ್ಗು, ಎಂಜಿನ್ ಬಂದ್. ಕ್ಲಚ್ ಒತ್ತಿದೆ. ಆ ಕ್ಷಣಕ್ಕೆ ಸ್ಟಿಯರಿಂಗ್ ಕಲ್ಲಾಯಿತು. ಬ್ರೇಕ್ ಪೆಡಲ್ ಒಂದೆರಡು ಸಲ ಮೆತ್ತಗಿದ್ದು, ಆಮೇಲೆ ಒತ್ತಿದರೂ ಕದಲದ ಹಾಗೆ ಗಟ್ಟಿಯಾಯಿತು. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಹುಟ್ಟುವುದು ಎಂಜಿನ್ ಓಡುತ್ತಿದ್ದರೆ ಮಾತ್ರ ಎಂಬ ಪಾಠ ನನಗಾದದ್ದು ಘಾಟಿಯ ಇಳಿಜಾರಿನಲ್ಲಿ. ಎರಡೂ ಕಾಲಿನ ಬಲ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬೆಟ್ಟದ ಕಡೆಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಎದುರಿನಿಂದ ಬಸ್ಸೊಂದು ಬಂದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ನೆಲ್ಯಾಡಿಯ ಕಡೆಯಿಂದ ಬಂದ ಮೆಕ್ಯಾನಿಕ್ ಬಾನೆಟ್ ತೆರೆಯಲೂ ಇಲ್ಲ. ಕೆಳಗೆ ಕೈಹಾಕಿ ಚೇಂಬರ್ ಸವರಿ, ಬೆರಳು ತೋರಿಸಿದರು. ಕಪ್ಪು ಮಸಿ.

"ಲೈಟ್ ಬರ್ಲಿಲ್ವಾ?"

"ಬಂತು. ಕೆಳಗೆ ಬಂದು ಆಯಿಲ್ ಹಾಕಿಸೋಣ ಅಂತ..."

"ಅದು ಆಯಿಲ್ ಹಾಕಿ ಅಂತ ಹೇಳುವ ಲೈಟ್ ಅಲ್ಲ ಮಾರಾಯ್ರೆ. ಆಫ್ ಮಾಡಿ ಅಂತ ಹೇಳುವ ಲೈಟ್. ಅಲ್ಲೇ ನಿಲ್ಲಿಸಿದ್ರೆ ಚೇಂಬರ್ ಒಂದೇ ಖರ್ಚು. ಈಗ ಎಂಜಿನ್ನೇ ಇಳಿಸ್ಬೇಕು."

ವಿಮೆ ಇದೆಯಲ್ಲ ಎಂದು ಧೈರ್ಯ ತಂದುಕೊಂಡಿದ್ದೆ. ಸರ್ವೇಯರ್ ಬಂದು ಪಾಲಿಸಿಯ ಷರತ್ತೊಂದರ ಮೇಲೆ ಬೆರಳಿಟ್ಟರು. ಗಾಡಿಗೆ ಪೆಟ್ಟಾದ ಮೇಲೆ ರಿಪೇರಿ ಮಾಡಿಸದೆ ಓಡಿಸಿದರೆ, ಅದರಿಂದ ಹೆಚ್ಚಾದ ಹಾನಿಗೆ ಮಾಲೀಕನೇ ಹೊಣೆ. ನಮ್ಮ ದೇಶದ ವಾಹನ ವಿಮೆ ಪಾಲಿಸಿಗಳಲ್ಲಿ ಮಾಮೂಲಾಗಿ ಇರುವ ಷರತ್ತು ಅದು. ಕಲ್ಲು ಒಡೆದ ಚೇಂಬರ್‌ಗೆ ಹಣ ಬಂತು. ನಾನು ಕೆಡಿಸಿದ ಎಂಜಿನ್‌ಗೆ ಬರಲಿಲ್ಲ. ಆಗ ಉರಿದುಬಿದ್ದಿದ್ದೆ. ಈಗ ಯೋಚಿಸಿದರೆ ಸರ್ವೇಯರ್ ಹೇಳಿದ್ದು ನ್ಯಾಯವೇ.

ಗ್ಯಾರೇಜಿನಲ್ಲಿ ಕಾರು ಬಿದ್ದಿದ್ದ ದಿನಗಳಲ್ಲಿ ಗ್ಲವ್ ಬಾಕ್ಸ್‌ನಿಂದ ಮ್ಯಾನುಯಲ್ ತೆಗೆದು ಓದಿದೆ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಎಲ್‌ಎಲ್ ಪರೀಕ್ಷೆಗೆ ರಸ್ತೆ ಬದಿಯ ಫಲಕಗಳನ್ನೆಲ್ಲ ಉರು ಹೊಡೆದಿದ್ದವನಿಗೆ ಕಾರಿನೊಳಗಿನ ಫಲಕದ ಬಗ್ಗೆ ಡ್ರೈವಿಂಗ್ ಸ್ಕೂಲಿನವರೂ ಹೇಳಲಿಲ್ಲ, ಬ್ರೇಕ್ ಇನ್‌ಸ್ಪೆಕ್ಟರೂ ಕೇಳಲಿಲ್ಲ. ತಮಾಷೆಯೆಂದರೆ ಅದರಲ್ಲಿ ಕಷ್ಟವಾದದ್ದೇನೂ ಇಲ್ಲ. ಈ ಚಿತ್ರಗಳಿಗೆ ಐಎಸ್‌ಒ 2575 ಎಂಬ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಹಾಗಾಗಿ ಯಾವ ದೇಶದ ಕಾರಾದರೂ ಗಿಂಡಿ ಗಿಂಡಿಯೇ. ಕೆಂಪು ಬಂದರೆ ಪಕ್ಕಕ್ಕೆ ತೆಗೆದು ನಿಲ್ಲಿಸಬೇಕು. ಹಳದಿ ಬಂದರೆ ಓಡಿಸಬಹುದು, ಮರೆಯುವಂತಿಲ್ಲ. ಹಸಿರು, ನೀಲಿ ಎಂದರೆ ಯಾವುದೋ ಒಂದು ಸೌಲಭ್ಯ ಚಾಲೂ ಇದೆ ಎಂದಷ್ಟೇ.

ಓದುತ್ತಾ ಹೋದಂತೆ ನಾನು ತಪ್ಪು ತಿಳಿದದ್ದು ಗಿಂಡಿ ಒಂದನ್ನೇ ಅಲ್ಲ ಎಂದು ಗೊತ್ತಾಯಿತು. ಬ್ಯಾಟರಿ ಚಿತ್ರದ ಕೆಂಪು ದೀಪ ಓಡುವಾಗ ಬಂದರೆ ತಕರಾರು ಸಾಮಾನ್ಯವಾಗಿ ಬ್ಯಾಟರಿಯದ್ದಲ್ಲ, ಚಾರ್ಜ್ ಮಾಡುವ ಆಲ್ಟರ್ನೇಟರಿನದ್ದು, ಇಲ್ಲವೇ ಅದರ ಬೆಲ್ಟಿನದ್ದು. ಕೆಲವು ಕಾರುಗಳಲ್ಲಿ ಅದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುತ್ತದೆ, ಹಾಗಾಗಿ ಬೆಲ್ಟು ಕಿತ್ತರೆ ಹಿಂದೆಯೇ ಎಂಜಿನ್ ಕಾಯುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ವೃತ್ತದೊಳಗಿನ ಆಶ್ಚರ್ಯಸೂಚಕ ಉರಿಯುತ್ತಿದ್ದರೆ ಬ್ರೇಕ್ ಆಯಿಲ್ ಇಳಿದಿದೆ ಎಂದು. ಹಳದಿ ಎಂಜಿನ್ ಚಿತ್ರ ಸುಮ್ಮನೆ ಉರಿಯುತ್ತಿದ್ದರೆ ಒಂದೆರಡು ದಿನದಲ್ಲಿ ಗ್ಯಾರೇಜಿಗೆ ಹೋಗಬಹುದು. ಅದೇ ಮಿನುಗುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಆಗ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು.

ಇನ್ನೊಂದನ್ನು ಹಳೇ ಕಾರು ಕೊಳ್ಳುವವರು ಗಮನಿಸಬೇಕು. ಕೀ ತಿರುಗಿಸಿದ ತಕ್ಷಣ ದೀಪಗಳೆಲ್ಲ ಒಮ್ಮೆ ಉರಿದು ಆರುತ್ತವೆ. ಅದು ಅಲಂಕಾರಕ್ಕಲ್ಲ, ದೀಪ ಸರಿಯಿದೆ ಎಂದು ತೋರಿಸಲು. ಏರ್‌ಬ್ಯಾಗ್ ದೀಪವೋ ಎಬಿಎಸ್ ದೀಪವೋ ಆಗ ಬಾರದೇ ಇದ್ದರೆ, ರಿಪೇರಿಯ ಖರ್ಚು ಉಳಿಸಲು ಯಾರೋ ದೀಪವನ್ನೇ ಕಿತ್ತಿರಬಹುದು.

ದೀಪ ಕೀಳುವುದು ಬೇಡ, ಮುಚ್ಚಿದರೂ ಆದೀತು. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಬರುವಾಗ ಒಂದು ಟ್ಯಾಕ್ಸಿಯ ಮೀಟರಿನ ಗಾಜಿನ ಮೇಲೆ ಮೆರೂನ್ ಬಣ್ಣದ ಬಿಂದಿ ಅಂಟಿಸಿದ್ದು ಕಂಡಿತು. ದೇವರ ಹೆಸರಿನಲ್ಲಿ ಇಟ್ಟದ್ದಿರಬೇಕು ಎಂದುಕೊಂಡೆ. ಕತ್ತಲಾದ ಮೇಲೆ ಬಿಂದಿಯ ಅಂಚಿನ ಸುತ್ತ ಹಳದಿ ಬೆಳಕು ಸೋರತೊಡಗಿತು. ಕೇಳಿದರೆ, "ಎಂಜಿನ್ ಲೈಟು ಸಾರ್, ರಾತ್ರಿ ಕಣ್ಣಿಗೆ ಹೊಡೆಯುತ್ತೆ, ಮನೆಯವಳದ್ದು ತಂದು ಅಂಟಿಸಿದೆ" ಅಂದ. ಅದು ಏನು ಹೇಳುತ್ತದೆ ಗೊತ್ತಾ ಅಂದೆ. "ಬುಕ್ಕಿದೆ ಸಾರ್. ಇಂಗ್ಲಿಷಲ್ಲಿದೆ." ನಗುವಂತಿರಲಿಲ್ಲ. ಇಂಗ್ಲಿಷ್ ಓದಬಲ್ಲ ನಾನು ಕವರ್ ಕೂಡ ಬಿಚ್ಚಿರಲಿಲ್ಲ. ಕಾರು ಬಾಯಿ ಬಿಟ್ಟರೆ ಮುಚ್ಚಿಸುವುದು ನಮಗೆ ರೂಢಿ. ಸೀಟ್ ಬೆಲ್ಟ್‌ನ ಬೀಪ್ ನಿಲ್ಲಿಸಲೆಂದೇ ಖಾಲಿ ಕ್ಲಿಪ್ ಮಾರಾಟ ನಡೆದು, 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ಅದನ್ನು ತೆಗೆಸಬೇಕಾಯಿತು.

ಇಷ್ಟೆಲ್ಲ ಕಲಿತವನು ಮತ್ತೆ ಎಡವಿದ್ದು ಹೇಗೆ? ಕೆಂಪಿಗೆ ಹೆದರುವುದನ್ನು ಕಲಿತಿದ್ದೆ, ಹಸಿರನ್ನು ನಂಬಬಾರದು ಎಂದು ಕಲಿತಿರಲಿಲ್ಲ.

2020ರಲ್ಲಿ ಎಂಜಿ ಗ್ಲಾಸ್ಟರ್, 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದ ಮೇಲೆ 'ಅಡಾಸ್' ಎಂಬ ಮಾತು ನಮ್ಮ ಶೋರೂಮುಗಳಲ್ಲಿ ಓಡಾಡತೊಡಗಿತು. ಮುಂದಿನ ಗಾಜಿನ ಮೇಲ್ತುದಿಯಲ್ಲಿ ಕ್ಯಾಮೆರಾ, ಮುಂಭಾಗದ ಗ್ರಿಲ್‌ನಲ್ಲೋ ಬಂಪರಿನಲ್ಲೋ ರಾಡಾರ್. ಮುಂದಿನ ಗಾಡಿಯ ವೇಗ ನೋಡಿ ತಾನೇ ನಿಧಾನ, ತಾನೇ ಜೋರು ಆಗುವ ಅಡಾಪ್ಟಿವ್ ಕ್ರೂಸ್. ಬಿಳಿ ಗೆರೆ ದಾಟಿದರೆ ಸ್ಟಿಯರಿಂಗ್ ಮೆಲ್ಲಗೆ ಎಳೆಯುತ್ತದೆ. ಎರಡನೇ ಕಾರು ಕೊಳ್ಳುವಾಗ ಸೇಲ್ಸ್ ಹುಡುಗ "ಲೆವೆಲ್ 2 ಸರ್" ಎಂದು ಹೇಳಿದ್ದನ್ನು ನಾನು ಪರೀಕ್ಷೆಯಲ್ಲಿ ಎರಡನೇ ರ‍್ಯಾಂಕ್ ಎಂಬಂತೆ ಕೇಳಿಸಿಕೊಂಡೆ. ಕಾರು ಎಷ್ಟರ ಮಟ್ಟಿಗೆ ತಾನೇ ಓಡುತ್ತದೆ ಎಂದು ಹೇಳುವ, ಸೊನ್ನೆಯಿಂದ ಐದರವರೆಗಿನ ಪಟ್ಟಿಯಲ್ಲಿ ಎರಡರವರೆಗೂ ಗಾಡಿ ಓಡಿಸುತ್ತಿರುವವನು ಮನುಷ್ಯನೇ, ರಸ್ತೆ ನೋಡಬೇಕಾದವನೂ ಅವನೇ. ಕಾರು ಬರೀ ಕೈ ಜೋಡಿಸುತ್ತದೆ.

ಹಾಸನದಿಂದ ಬೆಂಗಳೂರಿಗೆ ಬೆಳಗಿನ ಹೊತ್ತು ಬರುತ್ತಿದ್ದೆ. ಅಡಾಪ್ಟಿವ್ ಕ್ರೂಸ್ 90ಕ್ಕೆ ಹಾಕಿ, ಮುಂದಿನ ಕಾರಿನ ಹಿಂದೆ ನಿಶ್ಚಿಂತೆಯಾಗಿ ಸಾಗುತ್ತಿದ್ದೆ. ಹಿರೀಸಾವೆ ದಾಟಿದ ಮೇಲೆ ಬಲಗಾಲನ್ನು ಪೆಡಲ್‌ಗಳಿಂದ ಪೂರ್ತಿ ತೆಗೆದು ಸೀಟಿನ ಕೆಳಗೆ ಮಡಚಿಕೊಂಡಿದ್ದೆ. ಮುಂದಿನ ಕಾರು ಇದ್ದಕ್ಕಿದ್ದಂತೆ ಬಲಕ್ಕೆ ಸರಿಯಿತು. ಅದರ ಮರೆಯಲ್ಲಿ, ನನ್ನ ಲೇನಿನಲ್ಲೇ, ಪಂಕ್ಚರ್ ಆದ ಲಾರಿಯೊಂದು ನಿಂತಿತ್ತು. ಲಾರಿಯ ಹಿಂದೆ ಮೂರ್ನಾಲ್ಕು ಕಲ್ಲು, ಒಂದು ಹಸಿರು ಸೊಪ್ಪಿನ ಕೊಂಬೆ. ಕೊಂಬೆ ಕಂಡರೆ ಕೆಟ್ಟ ಗಾಡಿ ನಿಂತಿದೆ ಎಂದು ನಮ್ಮ ಹೆದ್ದಾರಿಯಲ್ಲಿ ಸೈಕಲ್ ಹುಡುಗನಿಗೂ ಗೊತ್ತು. ಕಾರಿಗೆ ಗೊತ್ತಿಲ್ಲ. ಅದರ ಪಾಲಿಗೆ, ಹಿಂಬಾಲಿಸುತ್ತಿದ್ದ ಗಾಡಿ ಸರಿಯಿತು, ದಾರಿ ತೆರವಾಯಿತು. ನಿಧಾನವಾಗುವ ಬದಲು 90 ಮುಟ್ಟಲು ವೇಗ ಹೆಚ್ಚಿಸತೊಡಗಿತು. ಕ್ರೂಸಿನ ಹಸಿರು ದೀಪ ಹಾಗೇ ಉರಿಯುತ್ತಿತ್ತು.

ಹೆಂಡತಿ ಕೂಗಿದಳು. ಮಡಚಿದ ಕಾಲು ಬಿಡಿಸಿ ಬ್ರೇಕ್ ಹುಡುಕುವಷ್ಟರಲ್ಲಿ ತಡವಾಗಿತ್ತು. ಬ್ರೇಕ್ ತುಳಿದು ಬಲಕ್ಕೆ ಎಳೆದೆ. ಎಡ ಬಂಪರ್, ಹೆಡ್‌ಲೈಟ್, ಕನ್ನಡಿ ಲಾರಿಯ ಹಿಂಬದಿಗೆ ಉಜ್ಜಿ ಹೋದವು. ಬಲಗಡೆ ಆಗ ಯಾವ ಗಾಡಿಯೂ ಇರಲಿಲ್ಲ. ಲಾರಿಯ ಕ್ಲೀನರ್ ಸ್ಪ್ಯಾನರ್ ಹಿಡಿದು ಮುಂದಿನ ಚಕ್ರದ ಬಳಿ ಕೂತಿದ್ದ. ಹಿಂದಿನ ಚಕ್ರ ಪಂಕ್ಚರ್ ಆಗಿದ್ದರೆ ಅವನು ನನ್ನ ಬಂಪರಿನ ದಾರಿಯಲ್ಲೇ ಇರುತ್ತಿದ್ದ.

ಈ ಸಲ ಮ್ಯಾನುಯಲ್ ತೆರೆದಾಗ ಉತ್ತರ ಅಲ್ಲೇ ಇತ್ತು. ನಿಂತ ವಾಹನವನ್ನು ಕ್ರೂಸ್ ಗುರುತಿಸದೇ ಇರಬಹುದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಕಾರಣ ಸರಳ. ರಾಡಾರ್‌ಗೆ ಸೇತುವೆ, ಫಲಕ, ರಸ್ತೆ ಬದಿಯ ಕಂಬ ಎಲ್ಲವೂ ನಿಂತ ವಸ್ತುಗಳೇ. ಪ್ರತಿಯೊಂದಕ್ಕೂ ಬ್ರೇಕ್ ಹಾಕಿದರೆ ಕಾರು ಮುಂದೆ ಹೋಗುವಂತೆಯೇ ಇಲ್ಲ. ಹಾಗಾಗಿ ಹೆದ್ದಾರಿ ವೇಗದಲ್ಲಿ ಇಂಥ ಎಷ್ಟೋ ವ್ಯವಸ್ಥೆಗಳು ಚಲಿಸುವುದಕ್ಕೆ ಹೆಚ್ಚು ಬೆಲೆ ಕೊಡುತ್ತವೆ, ನಿಂತದ್ದಕ್ಕೆ ಕಡಿಮೆ. ತುರ್ತು ಬ್ರೇಕಿನದ್ದೂ ಮಿತಿಯಿದೆ. ಟಾರ್ಪಾಲ್ ಇಳಿಬಿಟ್ಟ ಲಾರಿ, ಹುಲ್ಲು ಹೇರಿದ ಟ್ರ್ಯಾಕ್ಟರ್ ಕ್ಯಾಮೆರಾದ ಕಣ್ಣಿಗೆ ಗಾಡಿಯಂತೆ ಕಾಣದಿರಬಹುದು. ಮಂಜು, ಮಳೆ, ಎದುರು ಬಿಸಿಲಿದ್ದರೆ ಇನ್ನೂ ಕಷ್ಟ. ಇನ್ನೂ ಮೋಸದ್ದು ಲೇನ್ ದೀಪ. ನನ್ನ ಕಾರಿನಲ್ಲಿ ಗೆರೆ ಕಂಡಾಗ ಅದು ಹಸಿರು, ಕಾಣದಾಗ ಬೂದು. ಹಸಿರು ಬೂದಾಗುವಾಗ ಬೀಪ್ ಕೂಡ ಬರುವುದಿಲ್ಲ. ಗೆರೆ ಅಳಿಸಿಹೋದ ರಸ್ತೆಯಲ್ಲಿ ಕಾರು ನನ್ನ ಕೈಬಿಟ್ಟದ್ದು ನನಗೆ ಎಷ್ಟು ಸಲ ಗೊತ್ತೇ ಆಗಿರಲಿಲ್ಲವೋ!

ಬಂಪರ್ ಬದಲಿಸಿದ ಮೇಲೆ ರಾಡಾರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕಾಯಿತು. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾಕ್ಕೂ ಅದೇ ಆಗಬೇಕು. ಅಗ್ಗಕ್ಕೆ ಹೊರಗಡೆ ಗಾಜು ಹಾಕಿಸುವವರು ಇದನ್ನು ಕೇಳಿಕೊಳ್ಳಿ.

ಅಡಾಸ್ ಬೇಡ ಎಂದು ನಾನು ಹೇಳುವುದಿಲ್ಲ. ಊರೊಳಗೆ ಅಡ್ಡ ನುಗ್ಗಿದ ಸ್ಕೂಟರಿಗೆ ನನಗಿಂತ ಮೊದಲು ಬ್ರೇಕ್ ಹಾಕಿದ್ದನ್ನು ಕಂಡಿದ್ದೇನೆ. ಈಗಲೂ ಕ್ರೂಸ್ ಹಾಕುತ್ತೇನೆ, ಕಾಲು ಮಾತ್ರ ಬ್ರೇಕಿನ ಮುಂದೆಯೇ ಇರುತ್ತದೆ. ಘಾಟಿಯಲ್ಲಿ ಹಾಕುವುದೇ ಇಲ್ಲ. ಕೆಂಪು ದೀಪ ಕಂಡರೆ ಮಳೆಯಿರಲಿ ಟ್ಯಾಂಕರ್ ಇರಲಿ, ಹಜಾರ್ಡ್ ಹಾಕಿ ಸಿಕ್ಕ ಮೊದಲ ಜಾಗದಲ್ಲಿ ನಿಲ್ಲಿಸುತ್ತೇನೆ.

ಬಿಂದಿ ಅಂಟಿಸಿದ್ದ ಆ ಚಾಲಕನಂಥವರು ನಮ್ಮ ರಾಜ್ಯದಲ್ಲಿ ಬಹಳ ಜನ ಇದ್ದಾರೆ. ದಿನವಿಡೀ ಗಾಡಿ ಓಡಿಸುವವರು ಅವರೇ, ದೀಪದ ಅರ್ಥ ಹೆಚ್ಚು ಬೇಕಾಗಿರುವುದೂ ಅವರಿಗೇ. ಇಡೀ ಮ್ಯಾನುಯಲ್ ಬೇಡ. ದೀಪಗಳ ಎರಡು ಪುಟ ಮತ್ತು ಅಡಾಸ್ ಯಾವಾಗ ಕೆಲಸ ಮಾಡುವುದಿಲ್ಲ ಎಂಬ ಒಂದು ಪುಟ, ಇಷ್ಟನ್ನಾದರೂ ಕರ್ನಾಟಕದಲ್ಲಿ ಕಾರು ಮಾರುವ ಕಂಪನಿಗಳು ಕನ್ನಡದಲ್ಲಿ ಅಚ್ಚು ಹಾಕಿ ಕೀ ಜೊತೆಗೇ ಕೊಡಲಿ. ಕೊಳ್ಳುವವರೂ ಬಾಯಿಬಿಟ್ಟು ಕೇಳಲಿ.