ಚಾಟ್

ನಮ್ಮ ಉಮ್ಮ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದರು. 25ರಂತೆ 40 ಕಟ್ಟು. ಸಂಜೆ ಅವನ್ನು ಬ್ರಾಂಚಿಗೆ ಒಯ್ಯುವುದು ನನ್ನ ಕೆಲಸ. ಕಂಟ್ರಾಕ್ಟರು ಒಂದೊಂದೇ ಕಟ್ಟನ್ನು ತಿರುಗಿಸಿ ನೋಡಿ, ನಾಲ್ಕನ್ನು ಬದಿಗೆಸೆದು ‘ಚಾಟ್’ ಎನ್ನುತ್ತಿದ್ದರು. ಅವಕ್ಕೆ ಮಜೂರಿ ಇಲ್ಲ. ಬೀಡಿಯೂ ಮರಳಿ ಬರುತ್ತಿರಲಿಲ್ಲ. ಕೆಟ್ಟ ಬೀಡಿ ನಿಮಗೇಕೆ ಎಂದು ಒಮ್ಮೆ ಕೇಳಿಬಿಟ್ಟೆ.

“ನಿನ್ನ ಉಮ್ಮನಿಗೆ ನಾಳೆಯಿಂದ ಎಲೆ ಬೇಡವಂತಾ?” ಎಂದರು.

ಮನೆಯಲ್ಲಿ ಉಮ್ಮ ನನ್ನನ್ನೇ ಗದರಿದರು. ಆದರೆ ರಾತ್ರಿ ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಾರೀಕಿನ ಕೆಳಗೆ ‘4’ ಎಂದು ಬರೆದರು. ಓದು ಬಾರದ ಅವರಿಗೆ ಅಂಕಿ ಬರುತ್ತಿತ್ತು.

ದೊಡ್ಡವನಾದ ಮೇಲೆ ತಿಳಿಯಿತು, 1966ರ ಬೀಡಿ ಕಾರ್ಮಿಕರ ಕಾಯ್ದೆಯಡಿ ನಮ್ಮ ರಾಜ್ಯ ಮಾಡಿದ್ದ ನಿಯಮದಂತೆ ನೂರಕ್ಕೆ 5ಕ್ಕಿಂತ ಹೆಚ್ಚು ಬೀಡಿಯನ್ನು ಸಾಮಾನ್ಯವಾಗಿ ತಿರಸ್ಕರಿಸುವಂತಿರಲಿಲ್ಲ. ಅಂದರೆ ಉಮ್ಮನ 40ರಲ್ಲಿ ಎರಡು ಕಟ್ಟು. ಬೇಕೆಂದೇ ಕೆಡಿಸಿದ್ದಲ್ಲದಿದ್ದರೆ ಆ ಎರಡಕ್ಕೂ ಅರ್ಧ ಮಜೂರಿ ಕೊಡಬೇಕಿತ್ತು. ಮಾಲಕರು ಈ ಕಾಯ್ದೆಯನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1974ರಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನು ದೆಹಲಿಯಲ್ಲಿ ಗೆದ್ದಿತ್ತು, ನಮ್ಮ ಬ್ರಾಂಚಿನ ಜಗಲಿಯವರೆಗೆ ಬಂದಿರಲಿಲ್ಲ.

ಈಗ ತಂಗಿಯ ಮಗಳು ಬಟ್ಟೆಯಂಗಡಿಯೊಂದರಲ್ಲಿ ದುಡಿಯುತ್ತಾಳೆ. ಹೋದ ತಿಂಗಳು ಸೀರೆಗೆ ಕಲೆಯಾಯಿತೆಂದು ಅವಳ ಸಂಬಳದಲ್ಲಿ ಸಾವಿರದೈನೂರು ಹಿಡಿದರು. ಯಾರಿಂದ ಕಲೆಯಾಯಿತೆಂದು ಕೇಳಿದವರಿಲ್ಲ. ಹೆಸರು ಬೇರೆ, ಚಾಟ್ ಅದೇ!

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. 2019ರ ವೇತನ ಸಂಹಿತೆಯ ಪ್ರಕಾರ, ನಷ್ಟಕ್ಕೆ ಕೆಲಸಗಾರರ ತಪ್ಪೇ ನೇರ ಕಾರಣವಾಗಿದ್ದರೆ ಮಾತ್ರ ಕಡಿತ ಮಾಡಬಹುದು. ಅದಕ್ಕೂ ಮೊದಲು ಅವರ ಮಾತು ಕೇಳಬೇಕು. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಕೂಡದು. ಅನ್ಯಾಯವಾದರೆ 3 ವರ್ಷದೊಳಗೆ ಕಾರ್ಮಿಕ ಇಲಾಖೆಯ ಅಧಿಕಾರಿಗೆ ಅರ್ಜಿ ಕೊಡಬಹುದು. ಬಾಕಿ ಪೂರ್ತಿ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲಕನದು.

ಇದನ್ನೆಲ್ಲ ನಾನು ವಿವರಿಸುತ್ತಿದ್ದಾಗ ಮೂಲೆಯಲ್ಲಿ ಕುಳಿತಿದ್ದ ಉಮ್ಮ ಒಂದೇ ಮಾತು ಕೇಳಿದರು: “ಎಷ್ಟು ಹಿಡಿದರು, ಯಾವತ್ತು ಹಿಡಿದರು ಎಂದು ಬರೆದಿಟ್ಟೆಯಾ ಮೋಳೆ?”

ಕೂಲಿ ಕಡಿಯುವವರು ಬಾಯಿಮಾತಿನಲ್ಲೇ ಕಡಿಯುತ್ತಾರೆ. ಕೇಳುವವರಿಗೆ ಬರಹ ಬೇಕು. ಕಡಿತಕ್ಕೆ ಲಿಖಿತ ಕಾರಣ ಕೊಡಿ ಎಂದು ಹುಡುಗಿ ಮಾಲಕರಿಗೆ ಪತ್ರ ಕೊಟ್ಟಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಕೆಲಸ ಹೋದೀತೆಂಬ ಭಯ ಅವಳಿಗೂ ಇದೆ, ನಮಗೂ ಇದೆ. ಪತ್ರದ ನಕಲನ್ನು ಉಮ್ಮ ತಮ್ಮ ಹಳೆಯ ಕ್ಯಾಲೆಂಡರುಗಳ ಜೊತೆ ಪೆಟ್ಟಿಗೆಯಲ್ಲಿಟ್ಟಿದ್ದಾರೆ.